ಸಹಿ ಆಗದ ಸೋಡಚೀಟಿ

ಹೋದ ಐತವಾರ ನನ್ನ ಮೊಮ್ಮಗಳು ವಿಜಯಪುರದ ಚರ್ಚಿನ್ಯಾಗ ಪೀಠದ ಮ್ಯಾಲ ನಿಂತು ಉಪದೇಶ ಮಾಡಿದಳು. ನಾ ಹೊಸಾ ಇಳಕಲ್ಲ ಸೀರಿ ಉಟಗೊಂಡು ಮುಂದಿನ ಬೆಂಚಿನ ಮ್ಯಾಲ ಕುಂತಿದ್ದೆ. ಆಕಿ ಬಾಯಿ ತಗಿಯೂಕಿಂತ ಮೊದಲ ನನ್ನ ಕಣ್ಣಾಗ ನೀರು ಸುರು ಆದವು. ಬಾಜೂಕ ಕುಂತ ಹೆಣ್ಣಮಗಳು ಗಾಬರಿ ಆಗಿ, "ಆಯಿ, ಯಾರರ ಸತ್ತಾರೇನ?" ಅಂತ ಕೇಳಿದಳು.

"ಸತ್ತಾರ ಬೇ, ಭಾಳ ವರ್ಷಾತು. ಇವತ್ತ ಇರಬೇಕಿತ್ತು ಅವರು. ಇದನ್ನ ನೋಡಿ ಇನ್ನೊಮ್ಮಿ ಸಾಯತಿದ್ದರು" ಅಂದೆ.

ನಾ ಅಂದದ್ದು ನಮ್ಮ ಮಾವಾರಿಗೆ. ಸಿಟ್ಟು ಇನ್ನೂ ಆರಿಲ್ಲ ನೋಡ್ರಿ. ಖುಷಿಗೆ ಎದಿ ಒಡಿಯೂಹಂಗ ಆಗೇತಿ, ಆ ಖುಷಿಯೊಳಗ ಸಿಟ್ಟು, ಹುಗ್ಗ್ಯಾಗ ಹಳ್ಳು ಸಿಕ್ಕಂಗ, ಹಲ್ಲಿಗೆ ಕಟಕ್ ಅಂತೈತಿ.

ಮೊಮ್ಮಗಳು ಆವತ್ತ ತಗೊಂಡ ಮಾತು ಇದು: ದೇವರು ಇಸ್ರಾಯೇಲ್ ಜನಾನ್ನ ಕೈಬಿಟ್ಟು ಅವರ ಜಾಗಾದಾಗ ನಮ್ಮ ಕ್ರೈಸ್ತ ಸಭೆಯನ್ನ ಕುಂಡ್ರಿಸಿದನೋ, ಇಲ್ಲಾ ಅವರ ಬೇರಿಗೇ ನಮ್ಮನ್ನ ತಂದು ಕಟ್ಟಿದನೋ? ಪ್ರವಾದಿಗಳು ಮುಂದ ಆಗತೈತಿ ಅಂತ ಹೇಳಿದ್ದೆಲ್ಲಾ ಯಾರಿಗೆ ಸೇರಿದ್ದು, ಅವರಿಗೋ ನಮಗೋ? ದೊಡ್ಡ ದೊಡ್ಡ ಪಂಡಿತರು ಇದರ ಮ್ಯಾಲ ಜಗಳಾಡತಾರಂತ. ನಾ ಮೂರನೇತ್ತದ ಮಟ ಸಾಲಿ ಕಲತಾಕಿ. ನನಗೇನು ತಿಳೀತೈತಿ? ಆದರ ಒಂದು ವರ್ಷ ನನ್ನ ಸಂಸಾರ ಈ ಮಾತಿನ ಮ್ಯಾಲ ನಿಂತಿತ್ತು. ಅದನ್ನ ಬರದಿಡು ಆಯಿ ಅಂತ ಮೊಮ್ಮಗಳು ಎರಡು ನೋಟಬುಕ್ಕ ತಂದು ಕೊಟ್ಟಾಳ.

ನಾ ಹುಟ್ಟಿದ್ದು ನಿಡೋಣ್ಯಾಗ. ನಮ್ಮ ಮುತ್ಯಾನ ಕಾಲಕ್ಕ ನಮ್ಮ ಓಣ್ಯಾಗ ನಾಕಾರು ಮನಿ ಕ್ರೈಸ್ತರಾಗಿದ್ದವು. ಹದಿನಾರು ತುಂಬೂದರಾಗ ನನ್ನ ತಿಕೋಟಾಕ್ಕ ಕೊಟ್ಟರು. ನನ್ನ ಮಾವ ಅಲ್ಲಿ ಉಪದೇಶಿ. ದೊಡ್ಡ ಅಯ್ಯನವರು, ಅಂದ್ರ ಪಾದ್ರಿ, ಬಿಜಾಪುರದಾಗ ಇರತಿದ್ದರು, ಆಗ ಊರಿಗೆ ಬಿಜಾಪುರ ಅಂತಿದ್ದಿವಿ. ಅವರು ವರ್ಷಕ್ಕ ಎರಡ ಸಲ ಬಂದು ಪ್ರಭುವಿನ ಭೋಜನ ಕೊಟ್ಟ ಹೋಗತಿದ್ದರು. ಉಳಿದ ಐತವಾರೆಲ್ಲಾ ಮಾವಾರದ ರಾಜ್ಯ. ಕಂಚಿನ ಗಂಟಿಯಂಥಾ ದನಿ. ಪ್ರಾರ್ಥನಾದಾಗ ಕೂಸು ಅತ್ತರ ತಾಯಿ ಕಡೆ ನೋಡೂದಿಲ್ಲ, ಕೂಸಿನ ಕಡೆನ ಕಣ್ಣ ಕಿಸದ ನೋಡತಿದ್ದರು. ಕೂಸು ಗಪ್ ಆಗತಿತ್ತು.

ಅವರಿಗೆ ಒಂದು ಉಪದೇಶ ಭಾಳ ಸೇರತಿತ್ತು. ನಮ್ಮ ಕಡೆ ಗಂಡ ಹೆಂಡತಿನ್ನ ಬಿಟ್ಟನಂದ್ರ ಪಂಚರ ಮುಂದ ಒಂದು ಕಾಗದ ಬರದ ಕೊಡತಾನ, ಅದಕ್ಕ ಸೋಡಚೀಟಿ ಅಂತಾರ. ಅದು ಕೈಗೆ ಬಂತಂದ್ರ ಆಕಿ ಆ ಮನಿ ಹೊಸ್ತಲ ತುಳಿಯೂಹಂಗಿಲ್ಲ. ಮಾವಾರು ಹೇಳತಿದ್ದರು, "ಇಸ್ರಾಯೇಲ್ ಅಂದ್ರ ಬಿಟ್ಟ ಹೆಂಡತಿ. ಫಲ ಕೊಡಲಿಲ್ಲ. ದೇವರು ಸೋಡಚೀಟಿ ಬರದು ಕೈಯಾಗ ಕೊಟ್ಟು ಹೊರಗ ಹಾಕಿದ. ಪ್ರವಾದಿನ ಹೇಳ್ಯಾನ. ಸಭೆ ಅಂದ್ರ ಹೊಸಾ ಹೆಂಡತಿ. ಈಗ ಮನಿ ಕೀಲಿ ನಮ್ಮ ನಡದಾಗ ಐತಿ."

"ಫಲ ಕೊಡಲಿಲ್ಲ" ಅಂದ ಕೂಡಲೇ ಹೆಣ್ಣಮಕ್ಕಳ ಸಾಲಿನ್ಯಾಗ ಎಲ್ಲಾರ ಮಾರಿ ನನ್ನ ಕಡೆ ಹೊಳ್ಳತಿದ್ದವು. ನನಗ ಮದುವಿ ಆಗಿ ಎಂಟು ವರ್ಷ ಆಗಿತ್ತು. ಮಕ್ಕಳಿರಲಿಲ್ಲ.

ನಮ್ಮ ಅತ್ತಿ ಬಾಯಿ ಬ್ಯಾರೆ ನಮೂನಿ. ಆಕಿ ವೇದದ ಮಾತು, ಅಂದ್ರ ಬೈಬಲ್ಲಿನ ಮಾತು, ತರತಿರಲಿಲ್ಲ. ಮುಂಜಾನೆ ಕೋಳಿ ಪುಟ್ಟಿ ಎತ್ತಿ, ತತ್ತಿ ಕೈಯಾಗ ಹಿಡದು, ನನಗ ಕೇಳೂಹಂಗ ಕೋಳಿಗೆ ಹೇಳತಿದ್ದಳು: "ನೀನರ ಉಂಡ ಜ್ವಾಳಕ್ಕ ಲೆಕ್ಕ ಕೊಟ್ಟಿ ನೋಡವಾ."

ಆ ವರ್ಷ ಬ್ಯಾಸಗ್ಯಾಗ ಮಾವಾರು ನಮ್ಮ ಮನಿ ಬಾಜೂದ ಪ್ರಾರ್ಥನಾ ಮನಿ ಮುಂದಿನ ಬಾರಿ ಗಿಡ, ಅಂದ್ರ ಬೋರೆಹಣ್ಣಿನ ಗಿಡ, ಕಡಸಿದರು. ಅದು ಕಾಡು ಬಾರಿ. ಮುಳ್ಳ ಹೆಚ್ಚು, ಹಣ್ಣ ಹುಳಿ. ಅದಕ್ಕ ಸಿಹಿ ಬಾರಿ ಕಸಿ ಕಟ್ಟಸಬೇಕಂತ ಬಬಲೇಶ್ವರದಿಂದ ತೋಟದ ಮುತ್ಯಾ ಅನ್ನೂ ಮುದುಕನ್ನ ಕರಸಿದ್ದರು. ಈ ಮುತ್ಯಾ ಅಲ್ಲೊಬ್ಬ ಸಾವಕಾರರ ತೋಟದಾಗ ದುಡಿಯಾಂವ, ನಮ್ಮ ಸಭೆಯಾಂವನ. ಒಂದಕ್ಷರ ಓದಾಕ ಬರತಿರಲಿಲ್ಲ, ಆದರ ನಲವತ್ತು ವರ್ಷ ಕೇಳಿದ ವೇದದ ಮಾತೆಲ್ಲಾ ತಲ್ಯಾಗ ಇಟಗೊಂಡಿದ್ದ. ತಿಂಗಳಿಗೊಮ್ಮಿ ಐತವಾರ ತಿಕೋಟಾಕ್ಕ ಬರತಿದ್ದ.

ಬ್ಯಾಸಗ್ಯಾಗ ಮೊಣಕಾಲ ಮಟ ಕಡದು ಹೋದಾಂವ, ಜೂನದಾಗ ಮಿರಗ ಮಳಿಗೆ ತಿರಗಿ ಬಂದ. ಬುಡದಾಗ ಬಂದ ಚಿಗುರಿನ್ಯಾಗ ದಪ್ಪಂದೊಂದು ಇಟಗೊಂಡು ಉಳಿದದ್ದ ತಗದ. ಅದರ ತೊಗಟಿ ಸೀಳಿ, ತೋಟದ ಸಿಹಿ ಬಾರಿಯ ಒಂದು ಕಣ್ಣು, ಅಂದ್ರ ಚಿಗುರೊಡಿಯೂ ಮೊಗ್ಗಿ, ಅದರಾಗ ಕೂಡಿಸಿ, ಬಾಳಿ ನಾರಿಲೆ ಬಿಗದ. ಆಮ್ಯಾಲ ನನ್ನ ಕರದ.

"ಯವ್ವಾ, ಈ ಗಂಟಿನ ಕೆಳಗ ಬರೋ ಚಿಗುರೆಲ್ಲಾ ಹಳೇ ಗಿಡದ್ದು. ಎಂಟ ದಿನಕ್ಕೊಮ್ಮಿ ಹೆಬ್ಬಟ್ಟಿಲೆ ತಿಕ್ಕಿ ತಗೀಬೇಕು. ಬಿಟ್ಟಿ ಅಂದ್ರ ಬೇರು ತನ್ನ ಮಕ್ಕಳಿಗೇ ಹಾಲ ಕುಡಸತೈತಿ, ತಂದ ಕೂಸು ಉಪವಾಸ ಸಾಯತೈತಿ. ನೀ ಮಾಡತಿ. ಉಳಿದವರು ಮರೀತಾರ."

ಅದೇ ವಾರ ಬಸ್‌ಸ್ಟ್ಯಾಂಡ ಬಾಜೂದ ಚಾದಂಗಡಿ ರೇಡಿಯೋದಾಗ ಸುದ್ದಿ ಬಂತು. ಇಸ್ರಾಯೇಲ್‌ದವರು ಲಡಾಯಿ ಮಾಡಿ ಯೆರೂಸಲೇಮ್ ಊರು ಪೂರಾ ತಗೊಂಡರಂತ. ತಿಕೋಟಾಕ್ಕೂ ಯೆರೂಸಲೇಮಿಗೂ ಏನ ಸಂಬಂಧ? ಆದರ ಐತವಾರ ಪ್ರಾರ್ಥನಾ ಮುಗಿಯೂದರಾಗ, ಯಾವಾಗಲೂ ಹಿಂದ ಕುಂಡ್ರೋ, ಗ್ವಾಡಿ ಕಟ್ಟೂ ಗೌಂಡಿ ಒಬ್ಬ ಎದ್ದು ಕೈ ಮುಗದ.

"ಉಪದೇಶಿಗಳರ, ಒಂದ ಮಾತ. ಸೋಡಚೀಟಿ ತಗೊಂಡ ಹೋದಾಕಿ ತಿರಗಿ ಬಂದು ಮನಿ ಕೀಲಿ ಮುರದಾಳಂತಲ್ಲರಿ? ಈಗ ಹೊಸಾ ಹೆಂಡತಿ, ಅಂದ್ರ ನಾವು, ಎಲ್ಲಿ ಮಲಗೂದರಿ?"

ಮಂದಿ ನಕ್ಕರು. ಮಾವಾರ ಮಾರಿ ಸುಟ್ಟ ಬದನೀಕಾಯಿ ಆತು. ತೋಟದ ಮುತ್ಯಾ ಅಷ್ಟ ನಗಲಿಲ್ಲ.

"ಬಂದೂಕಿಲೆ ಊರ ತಗೊಂಡರ ಅದು ದೇವರ ಮಾತು ಅಂತ ನಾ ಅನ್ನೂದಿಲ್ಲರಿ" ಅಂದ. "ಅಲ್ಲಿ ಎರಡೂ ಕಡೆ ಸತ್ತವರು ಯಾರೋ ತಾಯಿ ಮಕ್ಕಳು. ಆದರ ದೇವರು ಒಮ್ಮಿ ಕೊಟ್ಟ ಮಾತು ಹಿಂದಕ್ಕ ತಗೋತಾನಂದ್ರ, ನಾಳೆ ನಮಗ ಕೊಟ್ಟದ್ದನ್ನೂ ತಗೋತಾನ. ಅಂಥಾ ದೇವರನ್ನ ಹೆಂಗ ನೆಚ್ಚೂದರಿ?"

"ಅಕ್ಷರ ಬರದಾಂವಗ ವೇದ ಯಾಕೋ?" ಅಂದರು ಮಾವಾರು. ಬಾಗಲದಾಗಿಂದ ಬಾರಿ ಗಿಡಕ್ಕ ಬಟ್ಟ ಮಾಡಿದರು. "ನೋಡ್ರಿ ಎಲ್ಲಾರೂ. ಹಳೇ ಗಿಡ ಕಡದೇನಿ. ಹೊಸಾದು ಕಟ್ಟೇನಿ. ಕಡದದ್ದು ತಿರಗಿ ಬರೂದಿಲ್ಲ. ಚಳಿಗಾಲಕ್ಕ ಅಯ್ಯನವರು ಬರತಾರ, ಅವರ ಮುಂದ ಈ ಗಿಡಾನ ಸಾಕ್ಷಿ ಹೇಳತೈತಿ."

ಆವತ್ತ ಮಧ್ಯಾಹ್ನ ಉಣ್ಣಾಕ ಕುಂತಾಗ ಅವರು ನನ್ನ ಕಡೆ ನೋಡಲಿಲ್ಲ. ನನ್ನ ಗಂಡಗ ಹೇಳಿದರು, "ದೇವರು ಮಾಡಿದ್ದನ್ನ ನೀ ಮಾಡಿದರ ತಪ್ಪೇನು? ಕಳ್ಳಕವಟಗಿ ಊರಾಗ ಹುಡುಗಿ ನೋಡೇನಿ. ಸೋಡಚೀಟಿ ಬರಸತೀನಿ. ಅಯ್ಯನವರು ಹೂಂ ಅಂದ್ರ ಆತು."

ನಾ ಅವರ ತಾಟಿಗೆ ರೊಟ್ಟಿ ಹಾಕಾಕತ್ತಿದ್ದೆ. ಗಂಡ ತಾಟಿನ್ಯಾಗಿನ ಉಪ್ಪು ನೋಡಕೋತ ಕುಂತರು. ಅವರು ಕೆಟ್ಟವರಲ್ಲ. ಅಪ್ಪನ ಮುಂದ ಅವರಿಗೆ ನಾಲಗಿ ಇರಲಿಲ್ಲ, ಅಷ್ಟ.

ತಿಂಗಳೊಪ್ಪತ್ತಿಗೆ ಸಿಹಿ ಕಣ್ಣು ಗೇಣುದ್ದ ಆತು. ಒಂದಿನ ಮುಂಜಾನೆ ನಾ ಗಂಟಿನ ಕೆಳಗಿನ ಚಿಗುರು ತಿಕ್ಕಾಕತ್ತಿದ್ದೆ. ಅತ್ತಿ ನನ್ನ ಟ್ರಂಕು ತಂದು ಗಿಡದ ಬುಡಕ್ಕ ಇಟ್ಟಳು. "ಕೈ ತೊಳಕೋ, ಬಸ್ ಬರೂ ಹೊತ್ತಾತು" ಅಂದಳು. ಗಂಡ ಟ್ರಂಕು ಹೊತಗೊಂಡು ಬಂದರು. ಬಸ್ಸಿನ ಮ್ಯಾಲ ಹಾಕಿದರು. ಕಂಡಕ್ಟರಗ, "ಒಂದ ಟಿಕೀಟು" ಅಂದರು. ಆ ಎರಡು ಮಾತು ಇವತ್ತಿಗೂ ಕಿವ್ಯಾಗ ಅದಾವ.

ನಿಡೋಣ್ಯಾಗ ನಮ್ಮವ್ವ ಬಾಗಲದಾಗ ನಿಂತಿದ್ದಳು. ಒಳಗ ಬಾ ಅನ್ನಲಿಲ್ಲ.

"ಸೋಡಚೀಟಿ ಕೊಟ್ಟಾರೇನ?"

"ಇಲ್ಲ."

"ಹಂಗಾದ್ರ ನೀ ಇನ್ನೂ ಅವರಾಕಿ. ಎರಡ ಹೊತ್ತ ಕೂಳ ಹಾಕತೀನಿ. ಮೂರನೇದಕ್ಕ ಕೂಲಿ ಮಾಡು."

ಹಡದಾಕಿ ಹಿಂಗ ಅಂದಳಲ್ಲಾ ಅಂತ ಆವತ್ತ ಅತ್ತೆ. ಬಾಗಲದಾಗ ನಿಂತ ಹೆಣ್ಣಮಗಳನ್ನ ಒಳಗ ಕರಿಯಾಕ ಅವ್ವಗ ಧೈರ್ಯ ಬೇಕಾಗಿತ್ತು, ಆಕಿ ಕಡೆ ಇರಲಿಲ್ಲ. ತಿಳೀತೈತಿ ಈಗ. ಆದರೂ ಮಾಫ್ ಮಾಡಿಲ್ಲ.

ಶೇಂಗಾ ಕೀಳೂ ಕೆಲಸ ನಡದಾಗ ಒಂದಿನ ಹೊಲಕ್ಕ ತೋಟದ ಮುತ್ಯಾ ಬಂದ. ನಾ ಬಗ್ಗಿದ್ದೆ. ಬದುವಿನ ಮ್ಯಾಲ ಕುಂತು ಚೀಲದಾಗಿಂದ ಎಲಿ ಅಡಕಿ ತಗದ.

"ಯವ್ವಾ, ನಿಮ್ಮ ಮಾವ ಬಿಜಾಪುರದ ಕಚೇರಿ ಮುಂದ ಕುಂಡ್ರೋ ಬರಿಯಾಂವನ ಕಡೆ ಕಾಗದ ಬರಸ್ಯಾನ. ಅಯ್ಯನವರ ಮುಂದ ನಿನ್ನ ಗಂಡನ ಸಹಿ ಹಾಕಸತಾನಂತ. ದೇವರು ಇಸ್ರಾಯೇಲಿಗೆ ಸೋಡಚೀಟಿ ಕೊಟ್ಟದ್ದು ಖರೆ ಇದ್ರ ನಿಂದೂ ಖರೆ ಅಂತ ಅವನ ವಾದ."

"ಖರೇನೇನ ಮುತ್ಯಾ? ಕೊಟ್ಟಾನೇನ?"

"ಒಬ್ಬ ಪ್ರವಾದಿ ಕೊಟ್ಟಾನ ಅಂದದ್ದು ಐತಿ. ಅದನ್ನ ನಾ ಮುಚ್ಚಿಡೂದಿಲ್ಲ. ಆದರ ಇನ್ನೊಬ್ಬ ಪ್ರವಾದಿ ಹತ್ರ ದೇವರ ತಿರಗಿ ಕೇಳ್ಯಾನ, ನಿಮ್ಮ ತಾಯಿನ್ನ ಬಿಟ್ಟ ಕಾಗದ ಎಲ್ಲೈತಿ ತೋರಿಸ್ರಿ ಅಂತ. ಸಣ್ಣಾಂವಿದ್ದಾಗ ಕೇಳೇನಿ. ಯಾವ ಪುಟ ಅಂದ್ರ ನನಗ ಬರೂದಿಲ್ಲ. ನೀ ಹುಡುಕು."

ನಮ್ಮಪ್ಪನ ವೇದಪುಸ್ತಕ ಅರಿವಿ ಸುತ್ತಿ ಪೆಟಿಗ್ಯಾಗ ಇತ್ತು. ನಾ ಬಟ್ಟ ಇಟ್ಟು ಅಕ್ಷರ ಕೂಡಿಸಿ ಓದಾಕಿ. ಸಂಜಿಕಿ ಕೂಲಿಯಿಂದ ಬಂದು, ಬೆಳಕ ಇರೂ ಮಟ ಬಾಗಲದಾಗ ಕುಂತು, ಪ್ರವಾದಿಗಳನ್ನ ಒಬ್ಬೊಬ್ಬರನ್ನ ಓದಿದೆ. ಏನ ಬೈಗಳಪ್ಪಾ ಅವು! ನಮ್ಮತ್ತಿನ ಎಷ್ಟೋ ಚಲೋ ಅನಸ್ತು. ನಮ್ಮವ್ವ ಒಲಿ ಮುಂದಿಂದ, "ಓದಿ ಓದಿ ಹಡಿಯಾಕಿ ಇದ್ದೇನ?" ಅಂತಿದ್ದಳು. ಮೂರನೇ ವಾರದಾಗ ಸಿಕ್ತು. ಮುತ್ಯಾ ಹೇಳಿದ್ದು ಅಕ್ಷರಕ್ಷರ ಖರೆ ಇತ್ತು. ಪುಟದಾಗ ಒಂದು ಬಾರಿ ಎಲಿ ಇಟ್ಟೆ.

ಕ್ರಿಸ್‌ಮಸ್ಸಿನ ಮುಂಚಿನ ಐತವಾರ ಅಯ್ಯನವರು ತಿಕೋಟಾಕ್ಕ ಬಂದರು. ನಾ ಶೇಂಗಾ ಚೀಲದ ಚಕ್ಕಡ್ಯಾಗ ಬಬಲೇಶ್ವರಕ್ಕ ಬಂದು, ಅಲ್ಲಿಂದ ಮುತ್ಯಾನ ಕೂಡ ಬಸ್ ಹತ್ತಿದ್ದೆ. ಪ್ರಾರ್ಥನಾ ಮುಗಿಯೂ ಮಟ ಹೊರಗ ಗ್ವಾಡಿಗೆ ಹತ್ತಿ ನಿಂತಿದ್ದೆ. ಪ್ರಭುವಿನ ಭೋಜನಕ್ಕ ನಾ ಒಳಗ ಹೋಗೂಹಂಗ ಇರಲಿಲ್ಲ; ಮಾವಾರು ನನ್ನ ಹೆಸರು ಪಟ್ಟಿಯಿಂದ ತಗದಿದ್ದರು.

ಆಮ್ಯಾಲ ಮಾವಾರು ಎದ್ದು ಮಾತು ತಗದರು. ಕೊಟ್ಟಾನ ಅಂದ ಪ್ರವಾದಿಯ ಪುಟ ಓದಿದರು. "ಅಯ್ಯನವರ, ಇಸ್ರಾಯೇಲಿನ ಜಾಗಾ ಸಭೆ ತಗೊಂಡೈತಿ. ಮೊದಲನೇದಾಕಿನ್ನ ಬಿಡೂದು ದೇವರ ರೀತಿನ ಐತಿ. ನನ್ನ ಮಗನ ಕಾಗದಕ್ಕ ನಿಮ್ಮ ಒಪ್ಪಿಗಿ ಬೇಕು." ಕಾಗದ ಮೇಜಿನ ಮ್ಯಾಲ ಇಟ್ಟರು.

ನಾ ಒಳಗ ಹೋದೆ. ಅತ್ತಿ, "ಅಯ್ಯ, ಬಂತ ನೋಡ ಶನಿ" ಅಂದಳು. ನಾ ಎಲಿ ಇಟ್ಟ ಪುಟ ತಗದು, ಬಟ್ಟ ಇಟ್ಟು, ಒಂದೊಂದ ಅಕ್ಷರ ಕೂಡಿಸಿ ಓದಿದೆ. ಅರ್ಧಾ ತಾಸ ಹತ್ತಿದಂಗ ಅನಸ್ತು. ಮುಗದ ಮ್ಯಾಲ ಮಾವಾರ ಕಡೆ ನೋಡಿ, "ಸೋಡಚೀಟಿ ಎಲ್ಲೈತಿ ಅಂತ ದೇವರ ಕೇಳ್ಯಾನರಿ, ಮಾವಾರ" ಅಂದೆ.

ಅಯ್ಯನವರು ಚಷ್ಮಾ ಒರಸಕೊಂಡರು. "ಎರಡೂ ವೇದದಾಗ ಅದಾವ" ಅಂದರು. "ಭಾಳ ಆಳದ ಮಾತು. ಹಿರ್ಯಾರೆಲ್ಲಾ ಒಂದ ಮನಸ್ಸಿಲೆ ಇಲ್ಲ." ಅವರಿಗೆ ಬಿಜಾಪುರದ ಬಸ್ಸಿನ ಚಿಂತಿ.

"ಗಿಡಾ ನೋಡ್ರಿ ಹಂಗಾದ್ರ!" ಅಂದರು ಮಾವಾರು. ಅವರು ಹೊರಗ ನಡದರು, ಎಲ್ಲಾರೂ ಬೆನ್ನ ಹತ್ತಿದರು.

ನನ್ನ ಕಳಿಸಿದ ಮ್ಯಾಲ ಆ ಗಿಡಕ್ಕ ಯಾರೂ ಕೈ ಹಚ್ಚಿರಲಿಲ್ಲ. ಮಾವಾರು ದಿನಾ ಅದರ ಮುಂದ ಹಾದು ಹೋಗಿ ಉಪದೇಶ ಮಾಡ್ಯಾರ. ಹಸರ ಕಂಡೈತಿ, ಬೆಳದೈತಿ ಅಂತ ತಿಳದಾರ. ಹತ್ರ ಹೋಗಿ ಒಮ್ಮೇನೂ ನೋಡಿಲ್ಲ. ಗಂಟಿನ ಕೆಳಗಿಂದ ಕಾಡು ಬಾರಿ ಆಳೆತ್ತರ ಎದ್ದಿತ್ತು, ಮೈ ತುಂಬ ಮುಳ್ಳು. ನಡುವ ಸಿಹಿ ಕಣ್ಣಿನ ಕಡ್ಡಿ ಒಣಗಿ, ಅದರ ಮ್ಯಾಲ ಬಾಳಿ ನಾರು ಜೋತಾಡತಿತ್ತು.

ಗೌಂಡಿ ಅಂದ, "ಸಾಕ್ಷಿ ಚಲೋ ಹೇಳತೈತ್ರಿ."

ಮಾವಾರು ನನ್ನ ಕಡೆ ಕೈ ಮಾಡಿದರು. "ಈ ಬಂಜಿ ಕೈ ಹಚ್ಚಿದ್ದಳು! ಅದಕ್ಕ ಒಣಗೇತಿ!"

"ಆಕಿ ಕೈ ಹಚ್ಚೂ ಮಟ ಬದಕಿತ್ತರಿ" ಅಂದ ಮುತ್ಯಾ. "ಕೈ ತಗಸಿದ್ದು ನೀವು." ಆಮ್ಯಾಲ ಅಯ್ಯನವರ ಕಡೆ ಹೊಳ್ಳಿದ. "ಅಯ್ಯಾರ, ನನಗ ಓದಾಕ ಬರೂದಿಲ್ಲ, ಆದರ ಕಣ್ಣ ಕಟ್ಟಾಕ ಬರತೈತಿ. ನಾವು ಕಾಡಿನ ಬೇರಿಗೆ ಸಿಹೀದು ತಂದು ಕಟ್ಟತೀವಿ. ವೇದದಾಗ ಎಣ್ಣೇಮರಕ್ಕ ಕಸಿ ಕಟ್ಟೂ ಮಾತ ಬರದ ಅಪೊಸ್ತಲ ಅದನ್ನ ಉಲ್ಟಾ ಹೇಳ್ಯಾನರಿ. ಬೇರು ಸಿಹೀದು, ಅದು ಇಸ್ರಾಯೇಲ್. ಕಟ್ಟಿದ್ದು ಕಾಡು, ಅದು ನಾವು. ಯಾವ ತೋಟಿಗ ಹಂಗ ಕಟ್ಟತಾನ? ದೇವರೊಬ್ಬನ ಕಟ್ಟ್ಯಾನ. ಬೇರಿಗೆ ನಾವೇನ ಅನ್ನ ಹಾಕತೇವೇನರಿ? ಬೇರ ನಮಗ ಹಾಕತೈತಿ. ಅದನ್ನ ಕಡದು ಒಗದೇನಿ ಅಂದ್ರ ಮೊದಲ ಒಣಗೂದು ನಾವು."

ಅಯ್ಯನವರು ಬಗ್ಗಿ ಒಣ ಕಡ್ಡಿ ಮುಟ್ಟಿ ನೋಡಿದರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ನನ್ನ ಗಂಡನ್ನ ಕರದರು. "ಕಾಗದ ನಿಂದು. ನಿನಗ ಬೇಕಾಗಿದ್ರ ಸಹಿ ಹಾಕು."

ಮಾವಾರು ಕಾಗದ ಮಗನ ಕೈಯಾಗ ತುರಕಿದರು. ಗಂಡ ಕಿಸೆದಾಗಿನ ಪೆನ್ನ ತಗದರು. ನನ್ನ ಕಡೆ ನೋಡಲಿಲ್ಲ. ಕಾಗದದ ಮ್ಯಾಲ ಇಟ್ಟರು, ಎತ್ತಿದರು, ಜಾಡಿಸಿದರು. ಆಮ್ಯಾಲ ಸಣ್ಣ ದನೀಲೆ, "ಅಪ್ಪಾ, ಮಸಿ ಇಲ್ಲ" ಅಂದರು.

ಅಂಗಿ ಕಿಸೆ ಮ್ಯಾಲ ರೂಪಾಯಿ ಅಗಲದ ನೀಲಿ ಕಲೆ ಹಸೀಹಸಿ ಇತ್ತು. ಎಲ್ಲಾರಿಗೂ ಕಾಣತಿತ್ತು.

ಮಾವಾರು ಅಯ್ಯನವರ ಕಿಸೆ ನೋಡಿದರು. ಅಲ್ಲಿ ಬಂಗಾರ ಬಣ್ಣದ ಕ್ಲಿಪ್ಪಿನ ಪೆನ್ನಿತ್ತು. ಅಯ್ಯನವರು ಕೋಟಿನ ಗುಂಡಿ ಹಾಕಿಕೊಂಡರು. ಪೆನ್ನು ಒಳಗ ಹೋತು. "ಬಸ್ ತಪ್ಪತೈತಿ" ಅಂದು ನಡದ ಬಿಟ್ಟರು.

ವಾದದಾಗ ಗೆದ್ದವರು ಯಾರು ಅಂತ ಯಾರೂ ಹೇಳಲಿಲ್ಲ. ನಾ ಮಾತ್ರ ಮನಿಗೆ ಬಂದೆ. ಅತ್ತಿ ಅಡಗಿ ಮನ್ಯಾಗಿಂದ, "ಬಂದೇನ? ಭಾಂಡಿ ಬಿದ್ದಾವ" ಅಂದಳು. ಐದು ತಿಂಗಳದ ಭಾಂಡಿ ಕೂಡಿಸಿ ಇಟ್ಟಂಗ ಇದ್ದವು. ನಾ ನಗಕೋತ ತಿಕ್ಕಿದೆ.

ಮಕ್ಕಳ ಮಾತು ಹೇಳತೀನಿ. ನಾ ಹಡಿಯಲಿಲ್ಲ. ಮುಂದಿನ ವರ್ಷ ನಿಡೋಣ್ಯಾಗ ನನ್ನ ತಮ್ಮಗ ನಾಕನೇ ಹೆಣ್ಣು ಹುಟ್ಟಿತು. ನಮ್ಮವ್ವ ಕೂಸಿನ್ನ ಪುಟ್ಟ್ಯಾಗ ಹಾಕಿ, "ಒಯ್ತಿದ್ರ ಒಯ್ಯಿ" ಅಂದಳು. ಒಯ್ದೆ. ಗಂಡ ಆ ಬಾರಿ ಗಿಡದ ಒಂದು ಟೊಂಗಿಗೆ ಮುತ್ಯಾನ ಕಡೆಯಿಂದ ತಿರಗಿ ಸಿಹಿ ಕಣ್ಣ ಕಟ್ಟಸಿದರು. ಉಳಿದ ಟೊಂಗಿ ಕಾಡು ಇದ್ದಂಗ ಇರಲಿ ಅಂದರು. ಒಂದ ಗಿಡ, ಎರಡ ರುಚಿ. ಮಾವಾರು ನನ್ನ ಕೂಸಿಗೆ, ಮಂದಿ ಗಿಡದಿಂದ ತಂದು ಕಟ್ಟಿದ್ದು ಅಂತ, "ಮಂದಿ ಕಣ್ಣು" ಅಂತ ಹೆಸರಿಟ್ಟಿದ್ದರು. ಎತ್ತಿಕೊಳ್ಳಲಿಲ್ಲ, ಒಮ್ಮೇನೂ.

ಆಮ್ಯಾಲ ಅವರಿಗೆ ಲಕ್ವಾ ಹೊಡೀತು. ಬಲಗೈ ಹೋತು, ನಾಲಗಿ ಹೋತು. ಆ ಕಂಚಿನ ದನಿ ಹೋಗಿ ಬ್ಯಾ ಬ್ಯಾ ಅಂತ ಉಳೀತು. ನಮ್ಮತ್ತಿಗೂ ಆಗ ಕಣ್ಣ ಕಾಣತಿರಲಿಲ್ಲ. ಅಂಬಲಿ ಕುಡಸಾಕಿ ನಾನ. ದಿನಾ ಮೊದಲನೇ ಚಮಚೆ ತುಟಿ ಮುಂದ ಹಿಡದು ಕೇಳತಿದ್ದೆ, "ಸೋಡಚೀಟಿ ಎಲ್ಲೈತ್ರಿ, ಮಾವಾರ?" ಅವರು ಕಣ್ಣ ಮುಚ್ಚತಿದ್ದರು. ಕಣ್ಣ ತಗಿಯೂ ಮಟ ನಾ ಚಮಚೆ ಬಾಯಿಗೆ ಹಾಕತಿರಲಿಲ್ಲ. ದಿನಾ ಅಂದ್ರ ದಿನಾ.

ಒಂದು ಚಳಿಗಾಲ ಅವರು ಎಡಗೈ ಎತ್ತಿ ಕಿಡಕಿಯಾಗಿಂದ ಬಾರಿ ಗಿಡ ತೋರಿಸಿದರು. ಬಾಯಾಗ ನೀರ ಬಂದಿತ್ತು. ನಾ ಹೋಗಿ ಉಡಿ ತುಂಬ ಹಣ್ಣ ಹರಕೊಂಡು ಬಂದೆ, ಸಿಹೀದೂ ಹುಳೀದೂ. ಕಾಡಿಂದು ಒಂದು ಆರಿಸಿ, ಬೀಜ ತಗದು, ಬಾಯಿಗೆ ಹಾಕಿದೆ. ಅರ್ಧಾ ಮಾರಿ ಕಿವುಚಿತು, ಇನ್ನರ್ಧಾಕ್ಕ ಶಕ್ತಿ ಇರಲಿಲ್ಲ. ಅವರು ನನ್ನ ಉಡಿ ನೋಡಿದರು. ಅಲ್ಲಿ ಕೆಂಪನ ದಪ್ಪನ ಸಿಹಿ ಹಣ್ಣ ಕಾಣತಿದ್ದವು. ಇನ್ನೂ ಒಂದು ಕಾಡಿಂದ ಹಾಕಿದೆ. ಮರು ತಿಂಗಳ ಅವರು ಹೋದರು.

ಐತವಾರ ಉಪದೇಶ ಮುಗಿಸಿ ಮೊಮ್ಮಗಳು ಕೆಳಗಿಳದು ಬಂದು ನನ್ನ ಕಾಲ ಮುಟ್ಟಿದಳು. ಆ "ಮಂದಿ ಕಣ್ಣಿನ" ಮಗಳು ಆಕಿ. ಬೇರಿನ ಮ್ಯಾಲ ಸೊಕ್ಕು ಮಾಡಬ್ಯಾಡ್ರಿ ಅಂತ ಮುತ್ಯಾನ ಮಾತ ಪೀಠದ ಮ್ಯಾಲಿಂದ ಹೇಳ್ಯಾಳ. ಮುತ್ಯಾ ಹೇಳಿದ್ದು ಅಂತಾನೂ ಹೇಳ್ಯಾಳ. ಮನಿಗೆ ಬಂದ ಮ್ಯಾಲ ಖುಷೀಲೆ ತಡಿಯಲಾರದ ಆಕಿಗೆ ಎಲ್ಲಾ ಹೇಳಿದೆ, ನೀಲಿ ಕಲೆ, ಕೋಟಿನ ಗುಂಡಿ, ಎಲ್ಲಾ. ನಕ್ಕು ನಕ್ಕು ಆಕಿ ಕಣ್ಣಾಗ ನೀರ ಬಂದವು. ಹಣ್ಣಿನ ಮಾತು ಬಂದಾಗ ನಗು ನಿಂತಿತು.

"ಆಮ್ಯಾಲ ಸಿಹೀದೊಂದು ಕೊಟ್ಟಿ ಹೌದಿಲ್ಲೋ, ಆಯಿ?"

"ಇಲ್ಲ" ಅಂದೆ. "ಅವರ ಮುಂದ ಕುಂತು ನಾನ ತಿಂದೆ."